ಯೇಸು ಯಾರಿಗೆ ಪ್ರಾರ್ಥಿಸಿದ?

(ದಾವಣಗೆರೆಯ ಓದುಗರ ಬಳಗವೊಂದರ ಸಂಜೆ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಚರ್ಚಿಗೆ ಹೋಗುವವರೂ ಇಲ್ಲಿದ್ದೀರಿ, ಅತ್ತ ತಲೆ ಹಾಕದವರೂ ಇದ್ದೀರಿ. ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಯಾರ ನಂಬಿಕೆಯನ್ನೂ ಕದಲಿಸೋಕೆ ಬಂದವನಲ್ಲ. ನಾನು ಇತಿಹಾಸದ ಮೇಷ್ಟ್ರು. ಕ್ರೈಸ್ತ ಧರ್ಮದ ಒಳಗೇ ಹುಟ್ಟಿ, ಕ್ರೈಸ್ತರ ಕೈಯಲ್ಲೇ ಬೆಂಕಿ, ಸೆರೆ, ಗಡೀಪಾರು ಎಲ್ಲವನ್ನೂ ಉಂಡು, ಆದರೂ ಉಳಿದುಕೊಂಡ ಒಂದು ವಾದದ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಯುನಿಟೇರಿಯನ್ ವಾದ ಅನ್ನುತ್ತಾರೆ. ದೇವರು ಒಬ್ಬನೇ, ಆ ಒಬ್ಬ ತಂದೆಯೇ, ಯೇಸು ಆತ ಕಳಿಸಿದ ಮೆಸ್ಸೀಯ, ಅಂದರೆ ಅಭಿಷಿಕ್ತ, ಯೇಸುವೇ ದೇವರಲ್ಲ. ವಾದ ಇಷ್ಟೇ. ಇಷ್ಟು ಹೇಳಿದ್ದಕ್ಕೆ ಜನ ಸತ್ತಿದ್ದಾರೆ.

ಇವರು ಯಾವುದನ್ನು ಒಪ್ಪಲಿಲ್ಲ ಅನ್ನೋದನ್ನು ಮೊದಲು ಸರಿಯಾಗಿ ತಿಳಿಯಬೇಕು. ಅವರು ಒಪ್ಪದ್ದು ತ್ರಿತ್ವವನ್ನು. ತ್ರಿತ್ವ ಅಂದ ಕೂಡಲೇ ನಮಗೆ ಬ್ರಹ್ಮ, ವಿಷ್ಣು, ಮಹೇಶ್ವರರು ನೆನಪಾಗುತ್ತಾರೆ. ದಾವಣಗೆರೆಯವರಿಗಂತೂ ಹರಿಹರೇಶ್ವರ ಪಕ್ಕದಲ್ಲೇ ಇದ್ದಾನೆ, ಒಂದೇ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ಎರಡನ್ನೂ ಪಕ್ಕಕ್ಕಿಡಿ. ಚರ್ಚು ಹೇಳುವ ತ್ರಿತ್ವದಲ್ಲಿ ಸೃಷ್ಟಿ, ಸ್ಥಿತಿ, ಲಯ ಅಂತ ಕೆಲಸದ ಹಂಚಿಕೆ ಇಲ್ಲ, ಅರ್ಧ ಪಾಲು ಮುಕ್ಕಾಲು ಪಾಲು ಅನ್ನೋದೂ ಇಲ್ಲ. ತಂದೆ ಪೂರ್ತಿ ದೇವರು, ಮಗ ಪೂರ್ತಿ ದೇವರು, ಪವಿತ್ರಾತ್ಮ ಪೂರ್ತಿ ದೇವರು. ತಂದೆಯೇ ಮಗನಲ್ಲ, ಮಗನೇ ಆತ್ಮನಲ್ಲ. ಆದರೂ ದೇವರು ಮೂವರಲ್ಲ, ಒಬ್ಬನೇ. ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಅಂದರೂ ಚರ್ಚು ಒಪ್ಪುವುದಿಲ್ಲ, ಹಾಗಂದವರನ್ನು 3ನೇ ಶತಮಾನದಲ್ಲೇ ಹೊರಗಿಟ್ಟರು. ಇದು ಬುದ್ಧಿಗೆ ಎಟುಕದ ರಹಸ್ಯ ಅಂತ ತ್ರಿತ್ವವಾದಿಗಳೇ ಹೇಳುತ್ತಾರೆ. ಗುರುತ್ವಾಕರ್ಷಣೆಯೇ ಅರ್ಥವಾಗದ ನಾವು ದೇವರು ಅರ್ಥವಾಗಲಿಲ್ಲ ಅಂತ ನಗುವುದು ತರವಲ್ಲ. ಹಾಗಾಗಿ ‘ಒಂದು ಮೂರಾಗುವುದು ಹೇಗೆ’ ಅನ್ನುವ ಲೆಕ್ಕದ ಹಾಸ್ಯವನ್ನು ನಾನು ಮಾಡುವುದಿಲ್ಲ. ಒಳ್ಳೆಯ ಯುನಿಟೇರಿಯನ್ನರೂ ಅದನ್ನು ನೆಚ್ಚಿಕೊಂಡವರಲ್ಲ. ಅವರು ನೆಚ್ಚಿದ್ದು ಬೈಬಲನ್ನು.

ಮಾರ್ಕನ ಸುವಾರ್ತೆಯ, ಅಂದರೆ ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಪುಸ್ತಕದ, 12ನೇ ಅಧ್ಯಾಯ ನೋಡಿ. ಒಬ್ಬ ಶಾಸ್ತ್ರಿ ಬಂದು, ಆಜ್ಞೆಗಳಲ್ಲೆಲ್ಲ ಮೊದಲನೆಯದು ಯಾವುದು ಅಂತ ಯೇಸುವನ್ನು ಕೇಳುತ್ತಾನೆ. ಯೇಸು ಹೊಸದೇನನ್ನೂ ಹೇಳುವುದಿಲ್ಲ. ಯೆಹೂದ್ಯರು ಬೆಳಿಗ್ಗೆ ಸಂಜೆ ಹೇಳಿಕೊಳ್ಳುವ, ಧರ್ಮೋಪದೇಶಕಾಂಡದ 6ನೇ ಅಧ್ಯಾಯದ ಮಾತನ್ನೇ ಹೇಳುತ್ತಾನೆ: ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ. ಶಾಸ್ತ್ರಿ ಒಪ್ಪುತ್ತಾನೆ, ‘ಸರಿ ಬೋಧಕನೇ, ಆತ ಒಬ್ಬನೇ, ಬೇರೊಬ್ಬನಿಲ್ಲ’ ಅನ್ನುತ್ತಾನೆ. ಯೇಸು ಆಗ ‘ನೀನು ಹೇಳಿದ್ದು ಅರ್ಧ ಸರಿ, ಉಳಿದರ್ಧ ನಾನು ಹೇಳುತ್ತೇನೆ’ ಅನ್ನಲಿಲ್ಲ. ‘ನೀನು ದೇವರ ರಾಜ್ಯಕ್ಕೆ ದೂರವಾದವನಲ್ಲ’ ಅಂದ. ಯುನಿಟೇರಿಯನ್ನರು ಕೈಯಿಟ್ಟು ತೋರಿಸುವ ಜಾಗ ಇದು. ಆ ಶಾಸ್ತ್ರಿಗೆ ಒಬ್ಬನೇ ದೇವರು ಅಂದರೆ ಏನರ್ಥವಿತ್ತೋ ಯೇಸುವಿಗೂ ಅದೇ ಅರ್ಥವಿತ್ತು, ಇಬ್ಬರ ನಡುವೆ ಈ ವಿಷಯದಲ್ಲಿ ತಕರಾರೇ ಇರಲಿಲ್ಲ ಅನ್ನುತ್ತಾರೆ ಅವರು. ಈ ಒಂದು ಪುಟದ ಮಟ್ಟಿಗೆ ಅವರ ಮಾತಿಗೆ ಗಟ್ಟಿಯಾದ ಉತ್ತರವನ್ನು ನಾನು ಇನ್ನೂ ಓದಿಲ್ಲ.

ಇನ್ನೂ ಇವೆ. ಯೋಹಾನನ 17ನೇ ಅಧ್ಯಾಯದಲ್ಲಿ ಯೇಸು ತಂದೆಯನ್ನು ಕರೆದು ‘ಒಬ್ಬನೇ ಸತ್ಯದೇವರಾದ ನೀನು’ ಅನ್ನುತ್ತಾನೆ, ತನ್ನನ್ನು ‘ನೀನು ಕಳಿಸಿದವನು’ ಅನ್ನುತ್ತಾನೆ. 20ನೇ ಅಧ್ಯಾಯದಲ್ಲಿ, ಸತ್ತು ಎದ್ದು ಬಂದ ಮೇಲೂ, ಮಗ್ದಲದ ಮರಿಯಳಿಗೆ ‘ನನ್ನ ದೇವರೂ ನಿಮ್ಮ ದೇವರೂ ಆಗಿರುವಾತನ ಬಳಿಗೆ ಹೋಗುತ್ತೇನೆ’ ಅನ್ನುತ್ತಾನೆ. ಲೋಕ ಮುಗಿಯುವ ದಿನ ಯಾವುದು ಅನ್ನೋದು ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅಂತ ಮಾರ್ಕ 13ರಲ್ಲಿದೆ. ಸೆರೆ ಸಿಕ್ಕುವ ಮುನ್ನ, ಗೆತ್ಸೆಮನೆ ತೋಟದ ರಾತ್ರಿ, ‘ನನ್ನ ಇಷ್ಟವಲ್ಲ, ನಿನ್ನ ಇಷ್ಟದಂತೆ ಆಗಲಿ’ ಅಂತ ನೆಲಕ್ಕೆ ಬಿದ್ದು ಬೇಡಿಕೊಳ್ಳುತ್ತಾನೆ. ಯೇಸುವಿನ ಶಿಷ್ಯ ಪೇತ್ರ ಪಂಚಾಶತ್ತಮ ಹಬ್ಬದ ದಿನದಂದು ಜನರ ಮುಂದೆ ನಿಂತು ಮಾಡಿದ ಮೊದಲ ಭಾಷಣದಲ್ಲಿ ಯೇಸು ಯಾರು ಅಂತ ಹೇಗೆ ಪರಿಚಯಿಸಿದ? ದೇವರು ಅದ್ಭುತಗಳ ಮೂಲಕ ನಿಮಗೆ ತೋರಿಸಿಕೊಟ್ಟ ಮನುಷ್ಯ, ದೇವರು ಅವನನ್ನು ಎಬ್ಬಿಸಿದನು, ಕರ್ತನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದನು. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ, ಮನೆಗೆ ಹೋಗಿ ಓದಿ.

ಇದಕ್ಕೆ ಚರ್ಚಿನ ಉತ್ತರ ಏನು? 451ರ ಕಾಲ್ಸಿಡನ್ ಮಹಾಸಭೆ ಅದನ್ನು ಸೂತ್ರವಾಗಿ ಕಟ್ಟಿಕೊಟ್ಟಿತು. ಯೇಸು ಒಬ್ಬನೇ ವ್ಯಕ್ತಿ, ಆದರೆ ಸ್ವಭಾವ ಎರಡು, ಪೂರ್ಣ ದೇವರು ಮತ್ತು ಪೂರ್ಣ ಮನುಷ್ಯ. ಹಸಿದದ್ದು, ಅತ್ತದ್ದು, ದಿನ ಗೊತ್ತಿಲ್ಲ ಅಂದದ್ದು, ಪ್ರಾರ್ಥಿಸಿದ್ದು ಮನುಷ್ಯನಾಗಿ. ಯುನಿಟೇರಿಯನ್ನರು ಇಲ್ಲೇ ಪಟ್ಟು ಹಿಡಿಯುತ್ತಾರೆ. ‘ನನಗೆ ಗೊತ್ತಿಲ್ಲ’ ಅನ್ನುವುದು ಸ್ವಭಾವ ಅಲ್ಲ, ವ್ಯಕ್ತಿ. ಆ ವ್ಯಕ್ತಿಗೆ ಗೊತ್ತಿತ್ತೋ ಇಲ್ಲವೋ? ಅವರ ಇಡೀ ವಾದವನ್ನು ಒಂದು ಮಾತಿನಲ್ಲಿ ಹಿಡಿಯಬೇಕಾದರೆ ಹೀಗೆ ಹಿಡಿಯಬಹುದು. ಚರ್ಚು ಕೇಳಿದ್ದು ದೇವರಿಗೆ ಯೇಸು ಏನಾಗಬೇಕು ಅಂತ. ಇವರು ಕೇಳಿದ್ದು ಯೇಸುವಿಗೆ ದೇವರು ಯಾರು ಅಂತ. ಯೇಸುವನ್ನು ಸಣ್ಣವನನ್ನಾಗಿ ಮಾಡುವ ಆಸೆಯಿಂದ ಹುಟ್ಟಿದ ಪ್ರಶ್ನೆಯಲ್ಲ ಇದು. ಯೇಸು ಮೊಣಕಾಲೂರಿದ ಕಡೆಗೇ ತಾವೂ ಮೊಣಕಾಲೂರಬೇಕು ಅನ್ನುವ ಹಟ. ಇದನ್ನು ನಾಸ್ತಿಕತೆ ಅಂತ ಕರೆದ ಕಾಲವೂ ಇತ್ತು. ಅದು ಅನ್ಯಾಯ.

ಹಾಗಂತ ಎಲ್ಲ ವಚನಗಳೂ ಇವರ ಕಡೆಗೇ ಇಲ್ಲ. ಪುನರುತ್ಥಾನವನ್ನು ನಂಬದಿದ್ದ ಶಿಷ್ಯ ತೋಮ ಯೇಸುವಿನ ಗಾಯ ಕಂಡು ‘ನನ್ನ ಕರ್ತನೇ, ನನ್ನ ದೇವರೇ’ ಅನ್ನುತ್ತಾನೆ, ಯೇಸು ತಿದ್ದುವುದಿಲ್ಲ. ಯೋಹಾನನ ಸುವಾರ್ತೆ ಶುರುವಾಗುವುದೇ ಆದಿಯಲ್ಲಿದ್ದ, ದೇವರಾಗಿದ್ದ ವಾಕ್ಯದಿಂದ, ಆ ವಾಕ್ಯ ಮನುಷ್ಯನಾಯಿತು ಅನ್ನೋದರಿಂದ. ಯುನಿಟೇರಿಯನ್ನರು ಇವಕ್ಕೆ ಕೊಡುವ ಉತ್ತರದ ತಳಹದಿ ಯೆಹೂದ್ಯರ ಒಂದು ಹಳೆಯ ರೂಢಿ. ಕಳಿಸಲ್ಪಟ್ಟವನು ಕಳಿಸಿದವನ ಸ್ಥಾನದಲ್ಲೇ ನಿಲ್ಲುತ್ತಾನೆ. ಇಲ್ಲಿ ಸರ್ಕಾರಿ ನೌಕರಿ ಮಾಡಿದವರು ತುಂಬಾ ಜನ ಇದ್ದೀರಿ, ನಿಮಗೆ ಇದು ಬೇಗ ಹತ್ತುತ್ತದೆ. ಸರ್ಕಾರಿ ಆದೇಶದ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಂತಿರುತ್ತದೆ. ಕೆಳಗೆ ರುಜು ಹಾಕಿದವರು ಅಧೀನ ಕಾರ್ಯದರ್ಶಿ. ಅವರು ರಾಜ್ಯಪಾಲರಲ್ಲ, ಆದರೆ ಆ ಆದೇಶ ಮೀರಿದರೆ ಮೀರಿದ್ದು ಸರ್ಕಾರವನ್ನೇ. ವಿಮೋಚನಕಾಂಡದ 7ನೇ ಅಧ್ಯಾಯದಲ್ಲಿ ದೇವರು ಮೋಶೆಗೆ ‘ನಿನ್ನನ್ನು ಫರೋಹನಿಗೆ ದೇವರನ್ನಾಗಿ ಮಾಡಿದ್ದೇನೆ’ ಅನ್ನುತ್ತಾನೆ. ಮೋಶೆ ದೇವರು ಅಂತ ಯಾರೂ ವಾದಿಸುವುದಿಲ್ಲ. ‘ನೀನು ಮನುಷ್ಯನಾಗಿದ್ದು ದೇವರಾಗಿ ಮಾಡಿಕೊಳ್ಳುತ್ತೀ’ ಅಂತ ಜನ ಕಲ್ಲೆತ್ತಿಕೊಂಡಾಗ ಯೇಸುವೇ 82ನೇ ಕೀರ್ತನೆ ತೆಗೆದು, ‘ನೀವು ದೇವರುಗಳು’ ಅಂತ ನಿಮ್ಮ ಶಾಸ್ತ್ರವೇ ಮನುಷ್ಯರಿಗೆ ಹೇಳಿದೆಯಲ್ಲ, ನಾನು ದೇವರ ಮಗ ಅಂದರೆ ದೂಷಣೆ ಹೇಗಾಯಿತು ಅಂತ ಕೇಳುತ್ತಾನೆ.

ಈ ಉತ್ತರ ತೋಮನ ಮಾತಿಗೆ ಸಾಲುತ್ತದೆ ಅಂತ ನನಗನ್ನಿಸುತ್ತದೆ. ಯೋಹಾನನ ಮೊದಲ ಅಧ್ಯಾಯಕ್ಕೆ ಕಷ್ಟಪಟ್ಟು ಸಾಲುತ್ತದೆ. ಇಬ್ರಿಯರಿಗೆ ಬರೆದ ಪತ್ರದ ಮೊದಲ ಅಧ್ಯಾಯಕ್ಕೆ ಸಾಲುವುದಿಲ್ಲ, ಅಲ್ಲಿ ಭೂಮಿಗೆ ಅಸ್ತಿವಾರ ಹಾಕಿದವನು ನೀನು ಅನ್ನುವ ಕೀರ್ತನೆಯ ಮಾತನ್ನೇ ಮಗನಿಗೆ ಹೇಳಿದೆ. ಈ ಕಾರಣಕ್ಕೇ ಯುನಿಟೇರಿಯನ್ನರಲ್ಲೇ ಎರಡು ಪಂಗಡ. ಯೇಸು ಲೋಕ ಹುಟ್ಟುವ ಮೊದಲೇ ಇದ್ದ, ಆದರೆ ತಂದೆಗಿಂತ ಕೆಳಗೆ, ತಂದೆಯಿಂದ ಉಂಟಾದವನು ಅನ್ನುವವರು ಒಂದು ಕಡೆ. ಮರಿಯಳ ಹೊಟ್ಟೆಯಲ್ಲೇ ಆತನ ಬದುಕು ಶುರುವಾಯಿತು ಅನ್ನುವವರು ಇನ್ನೊಂದು ಕಡೆ.

ಇತಿಹಾಸಕ್ಕೆ ಬರೋಣ. ‘325ರಲ್ಲಿ ನೈಸಿಯಾದಲ್ಲಿ ಸಭೆ ಸೇರಿ, ಮತ ಹಾಕಿ, ಯೇಸುವನ್ನು ದೇವರು ಮಾಡಿದರು’ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ನೈಸಿಯಾದಲ್ಲಿ ಸೋತ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಕೂಡ ಯೇಸು ಬರೀ ಮನುಷ್ಯ ಅಂದವನಲ್ಲ. ಲೋಕ ಸೃಷ್ಟಿಯಾದದ್ದೇ ಮಗನ ಮೂಲಕ ಅಂತ ಅವನೂ ಹೇಳುತ್ತಿದ್ದ. ಆದರೆ ಮಗನೂ ಸೃಷ್ಟಿಯಾದವನೇ, ಮಗ ಇಲ್ಲದ ಹೊತ್ತೊಂದಿತ್ತು ಅಂದ. ಸಭೆ ಅದನ್ನು ತಳ್ಳಿ, ಮಗನೂ ತಂದೆಯೂ ಒಂದೇ ಸತ್ವದವರು ಅಂತ ಬರೆಯಿತು. ಜಗಳ ಅಲ್ಲಿಗೆ ಮುಗಿಯಲೂ ಇಲ್ಲ. ಸಭೆ ಕರೆದ ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ ಮಾಡಿಸಿಕೊಂಡದ್ದು ಆರಿಯಸನ ಕಡೆಯ ಬಿಷಪ್ಪನಿಂದ. ನೈಸಿಯಾದ ಪರ ನಿಂತ ಅಥನೇಶಿಯಸ್ ಐದು ಸಲ ಗಡೀಪಾರಾದ. ಪವಿತ್ರಾತ್ಮನೂ ಸೇರಿ ತ್ರಿತ್ವದ ಸಿದ್ಧಾಂತ ನೆಲೆ ನಿಂತದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೊತ್ತಿಗೆ, ಅದರ ಹಿಂದೆ ರಾಜಾಜ್ಞೆಯೂ ಇತ್ತು.

ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಇದನ್ನು ಕೆದಕಿದವರು ಕಡಿಮೆ. ಮತ್ತೆ ಬಾಯಿ ಬಿಟ್ಟವನು ಸ್ಪೇನಿನ ಮಿಗುವೆಲ್ ಸರ್ವೆಟಸ್. ತ್ರಿತ್ವದ ತಪ್ಪುಗಳ ಬಗ್ಗೆ 1531ರಲ್ಲೇ ಪುಸ್ತಕ ಬರೆದ, ಆಗ ಅವನಿನ್ನೂ ಹುಡುಗ. ತಲೆ ತಪ್ಪಿಸಿಕೊಂಡು, ಹೆಸರು ಬದಲಿಸಿಕೊಂಡು ಫ್ರಾನ್ಸಿನಲ್ಲಿ ವೈದ್ಯನಾದ. ರಕ್ತ ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮರಳುತ್ತದೆ ಅಂತ ಯುರೋಪಿನಲ್ಲಿ ಮೊದಲು ಅಚ್ಚು ಮಾಡಿಸಿದವನು ಇವನೇ, ಅದೂ ಒಂದು ದೇವತಾಶಾಸ್ತ್ರದ ಪುಸ್ತಕದ ನಡುವೆ! ಕ್ಯಾಥೊಲಿಕರ ಸೆರೆಯಿಂದ ತಪ್ಪಿಸಿಕೊಂಡವನು, ಯಾಕೋ ಏನೋ, ತನ್ನ ಬದ್ಧ ವೈರಿ, ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನನ ಜಿನೀವಾಕ್ಕೇ ಹೋದ. ಅಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಗುರುತು ಸಿಕ್ಕಿತು. ಸುಡುವುದು ಬೇಡ, ತಲೆ ಕಡಿದರೆ ಸಾಕು ಅಂತ ಕ್ಯಾಲ್ವಿನ್ ಕೇಳಿಕೊಂಡನಂತೆ. ಕರುಣೆಯ ಅಳತೆ ನೋಡಿ. 1553ರ ಅಕ್ಟೋಬರ್ 27ರಂದು ಊರಾಚೆ ಅವನನ್ನು ಪುಸ್ತಕದ ಸಮೇತ ಸುಟ್ಟರು. ಜೊತೆಗಿದ್ದ ಪಾದ್ರಿ ಫರೆಲ್, ಕೊನೆಯ ಗಳಿಗೆಯಲ್ಲಾದರೂ ‘ದೇವರ ನಿತ್ಯ ಮಗನೇ’ ಅಂತ ಯೇಸುವನ್ನು ಕರೆ, ಅಂತ ಒತ್ತಾಯಿಸುತ್ತಿದ್ದ. ಸರ್ವೆಟಸ್ ಬೆಂಕಿಯೊಳಗಿಂದ ಕೂಗಿದ್ದು ‘ಯೇಸುವೇ, ನಿತ್ಯ ದೇವರ ಮಗನೇ, ನನ್ನನ್ನು ಕರುಣಿಸು’ ಅಂತ. ನಿತ್ಯವಾದವನು ದೇವರು, ಮಗ ಆ ದೇವರ ಮಗ. ಉರಿಯುವ ಸೌದೆಯ ಮೇಲೂ ಪದದ ಜಾಗ ಬದಲಿಸಲಿಲ್ಲ ಆ ಮನುಷ್ಯ.

ಅದೇ ಕಾಲದಲ್ಲಿ ಟ್ರಾನ್ಸಿಲ್ವೇನಿಯಾದಲ್ಲಿ, ಅಂದರೆ ಇಂದಿನ ರುಮೇನಿಯಾದ ಭಾಗದಲ್ಲಿ, ಬೇರೆಯದೇ ಗಾಳಿ ಬೀಸಿತು. ಅಲ್ಲಿನ ಆಸ್ಥಾನ ಬೋಧಕ ಫೆರೆಂಸ್ ಡೇವಿಡ್. ಮೊದಲು ಕ್ಯಾಥೊಲಿಕ್, ಆಮೇಲೆ ಲೂಥರನ ಕಡೆ, ಆಮೇಲೆ ಕ್ಯಾಲ್ವಿನನ ಕಡೆ, ಕೊನೆಗೆ ಯುನಿಟೇರಿಯನ್. ಪಕ್ಷಾಂತರಿ ಅಂತ ನಗಬೇಡಿ, ಓದುತ್ತಾ ಓದುತ್ತಾ ಮುಂದೆ ಹೋದವನು. ದೊರೆ ಜಾನ್ ಸಿಗಿಸ್ಮಂಡ್ ಅವನ ಮಾತು ಒಪ್ಪಿದ. 1568ರಲ್ಲಿ ಟೋರ್ಡಾ ಎಂಬ ಊರಲ್ಲಿ ಸೇರಿದ ಸಭೆ, ಬೋಧಕರು ಸುವಾರ್ತೆಯನ್ನು ತಮಗೆ ತಿಳಿದಂತೆ ಬೋಧಿಸಲಿ, ಬೋಧನೆಗಾಗಿ ಯಾರನ್ನೂ ಸೆರೆಗೆ ಹಾಕಬಾರದು, ನಂಬಿಕೆ ದೇವರ ಕೊಡುಗೆ ಅಂತ ಶಾಸನ ಮಾಡಿತು. ಎಲ್ಲರಿಗೂ ಅನ್ವಯಿಸುವ ಸ್ವಾತಂತ್ರ್ಯವೇನಲ್ಲ, ಅಲ್ಲಿನ ಆರ್ಥೊಡಾಕ್ಸ್ ರೈತರಿಗೆ ಸಮಾನ ಸ್ಥಾನ ಸಿಗಲಿಲ್ಲ. ಆದರೂ ಸರ್ವೆಟಸನನ್ನು ಸುಟ್ಟು ಹದಿನೈದು ವರ್ಷಕ್ಕೇ ಇಂಥದ್ದೊಂದು ಶಾಸನ ಬಂದದ್ದು ಸಣ್ಣ ಮಾತಲ್ಲ. ದೊರೆ 1571ರಲ್ಲಿ ತೀರಿಕೊಂಡ, ಮುಂದೆ ಬಂದವರು ‘ಹೊಸ ಬೋಧನೆ ಕೂಡದು’ ಅಂದರು. ಯೇಸುವಿಗೆ ಪ್ರಾರ್ಥನೆ ಸಲ್ಲಿಸುವುದೇ ಸರಿಯಲ್ಲ ಅನ್ನುವವರೆಗೂ ಹೋದ ಡೇವಿಡ್, ಅದಕ್ಕಾಗಿಯೇ ದೇವಾ ಎಂಬ ಬೆಟ್ಟದ ಕೋಟೆಯ ಸೆರೆಯಲ್ಲಿ 1579ರಲ್ಲಿ ಸತ್ತ. ಅವನು ಕಟ್ಟಿದ ಸಭೆ ಮಾತ್ರ ಇವತ್ತಿಗೂ ಇದೆ.

ಪೋಲೆಂಡಿನಲ್ಲಿ ಇದೇ ನಂಬಿಕೆಯವರು ರಾಕೋವ್ ಊರಲ್ಲಿ ಶಾಲೆ, ಅಚ್ಚುಕೂಟ ನಡೆಸಿ 1605ರಲ್ಲಿ ತಮ್ಮ ಪ್ರಶ್ನೋತ್ತರ ಬೋಧೆ ಹೊರತಂದರು, 1658ರಲ್ಲಿ ಮತ ಬಿಡಿ ಇಲ್ಲವೇ ದೇಶ ಬಿಡಿ ಅನ್ನಿಸಿಕೊಂಡರು.

ಇಂಗ್ಲೆಂಡಿನ ಕಥೆಯಲ್ಲಿ ನಿಮಗೆ ಗೊತ್ತಿರುವ ಒಂದು ಹೆಸರಿದೆ. ಐಸಾಕ್ ನ್ಯೂಟನ್. ಕೇಂಬ್ರಿಡ್ಜಿನಲ್ಲಿ ಅವನಿದ್ದ ಕಾಲೇಜಿನ ಹೆಸರೇ ಟ್ರಿನಿಟಿ, ಅಂದರೆ ತ್ರಿತ್ವ! ಆ ಕಾಲೇಜಿನ ಫೆಲೋ ಆದವರು ಪಾದ್ರಿ ದೀಕ್ಷೆ ಪಡೆಯಬೇಕಿತ್ತು, ನ್ಯೂಟನ್ 1675ರಲ್ಲಿ ರಾಜನಿಂದ ವಿನಾಯಿತಿ ಪಡೆದು ತಪ್ಪಿಸಿಕೊಂಡ. ಒಳಗೊಳಗೇ ಅವನು ತ್ರಿತ್ವವನ್ನು ಒಪ್ಪಿರಲಿಲ್ಲ. ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ, ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ತಂದೆ, ವಾಕ್ಯ, ಪವಿತ್ರಾತ್ಮ, ಈ ಮೂವರೂ ಒಂದೇ ಅನ್ನುವ ಸಾಲಿತ್ತು. ತ್ರಿತ್ವಕ್ಕೆ ಇದಕ್ಕಿಂತ ನೇರವಾದ ಆಧಾರ ಬೈಬಲಿನಲ್ಲಿ ಬೇರೊಂದಿರಲಿಲ್ಲ. ಆದರೆ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಸಾಲೇ ಇಲ್ಲ. ಡಚ್ ವಿದ್ವಾಂಸ ಎರಾಸ್ಮಸ್ ತನ್ನ 1516ರ ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ, ಗಲಾಟೆಯಾದ ಮೇಲೆ 1522ರಲ್ಲಿ ಸೇರಿಸಿದ. ಅಲ್ಲಿಂದ 1611ರ ಇಂಗ್ಲಿಷ್ ಬೈಬಲಿಗೂ ಬಂತು. ನ್ಯೂಟನ್ ಇದನ್ನೆಲ್ಲ ಪತ್ತೆದಾರನ ಹಾಗೆ ಹುಡುಕಿ ಬರೆದ, ಗೆಳೆಯ, ತತ್ವಜ್ಞಾನಿ ಜಾನ್ ಲಾಕ್‌ಗೆ ಕಳಿಸಿದ, ಅಚ್ಚು ಹಾಕಿಸುವ ಧೈರ್ಯ ಮಾಡಲಿಲ್ಲ. ಅವನು ಸತ್ತು ಕಾಲು ಶತಮಾನ ಕಳೆದು, 1754ರಲ್ಲಿ ಅದು ಬೆಳಕು ಕಂಡಿತು. ಇವತ್ತು ತ್ರಿತ್ವವನ್ನು ನಂಬುವ ವಿದ್ವಾಂಸರೂ ಆ ಸಾಲು ಆಮೇಲೆ ಸೇರಿದ್ದು ಅಂತ ಒಪ್ಪುತ್ತಾರೆ, ಈಗಿನ ಹೆಚ್ಚಿನ ಅನುವಾದಗಳು ಅದನ್ನು ಕೈಬಿಟ್ಟಿವೆ. ಆ ಸಾಲು ಹೋದ ಮಾತ್ರಕ್ಕೆ ತ್ರಿತ್ವ ಬಿದ್ದುಹೋಗುತ್ತದೆ ಅನ್ನುವುದು ಆತುರದ ಮಾತು. ನೈಸಿಯಾದ ಹಿರಿಯರು ಆ ಸಾಲನ್ನು ನಂಬಿ ವಾದಿಸಿದವರೇ ಅಲ್ಲ.

ಆಮ್ಲಜನಕದ ಪಾಠದಲ್ಲಿ ಬರುವ ಜೋಸೆಫ್ ಪ್ರೀಸ್ಟ್ಲಿ ವೃತ್ತಿಯಿಂದ ಯುನಿಟೇರಿಯನ್ ಪಾದ್ರಿ. 1791ರಲ್ಲಿ ಬರ್ಮಿಂಗ್‌ಹ್ಯಾಮಿನ ಗುಂಪು ಅವನ ಮನೆ, ಪ್ರಯೋಗಶಾಲೆ, ಪುಸ್ತಕ ಎಲ್ಲಕ್ಕೂ ಬೆಂಕಿಯಿಟ್ಟಿತು. ಫ್ರಾನ್ಸಿನ ಕ್ರಾಂತಿಗೆ ಅವನು ಕೊಟ್ಟ ಬೆಂಬಲವೂ ಅದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ತ್ರಿತ್ವವನ್ನು ಅಲ್ಲಗಳೆಯುವುದು ಅಪರಾಧವಲ್ಲ ಅಂತ ಕಾನೂನಾದದ್ದು 1813ರಲ್ಲಿ.

ಏಳೇ ವರ್ಷಕ್ಕೆ ಈ ಜಗಳ ನಮ್ಮ ದೇಶದಲ್ಲೇ ಎದ್ದಿತು. ರಾಜಾ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನಷ್ಟೇ ಸುವಾರ್ತೆಗಳಿಂದ ಆಯ್ದು ಪ್ರಕಟಿಸಿದರು, ಪವಾಡಗಳನ್ನು ಬಿಟ್ಟರು. ಯೇಸುವನ್ನು ಹೊಗಳಿದ ಹಿಂದೂವನ್ನು ಕಂಡು ಸೆರಾಂಪುರದ ಮಿಷನರಿಗಳು ಹಿಗ್ಗುತ್ತಾರೆ ಅಂದುಕೊಂಡರೆ, ಜೋಶುವಾ ಮಾರ್ಷ್‌ಮನ್ ಸಿಟ್ಟಾದರು. ರಾಯರು ಒಂದಾದ ಮೇಲೊಂದರಂತೆ ಮೂರು ಉತ್ತರ ಬರೆದರು. ಗ್ರೀಕ್, ಹೀಬ್ರೂ ಆಧಾರ ಹಿಡಿದು, ನೀವು ನಮ್ಮ ಬಹುದೇವರನ್ನು ಟೀಕಿಸಿ ಮೂವರನ್ನು ತರುತ್ತಿದ್ದೀರಲ್ಲ ಅಂತ ಕೇಳಿದರು. ಬ್ಯಾಪ್ಟಿಸ್ಟ್ ಅಚ್ಚುಕೂಟ ಮೂರನೆಯದನ್ನು ಅಚ್ಚು ಹಾಕಲು ಒಪ್ಪದಿದ್ದಾಗ ತಮ್ಮದೇ ಅಚ್ಚುಕೂಟ ಹಾಕಿಕೊಂಡರು. ಇದರ ನಡುವೆ ಒಂದು ತಮಾಷೆ. ಅವರ ಜೊತೆ ಸುವಾರ್ತೆಗಳ ಬಂಗಾಳಿ ಅನುವಾದಕ್ಕೆ ಕೂತಿದ್ದ ವಿಲಿಯಂ ಆಡಂ ಎಂಬ ಮಿಷನರಿ, ರಾಯರನ್ನು ಕ್ರೈಸ್ತರನ್ನಾಗಿ ಮಾಡುವ ಬದಲು ತಾನೇ ಯುನಿಟೇರಿಯನ್ ಆಗಿಬಿಟ್ಟ. ಎರಡನೇ ಸಲ ಬಿದ್ದ ಆದಾಮ ಅಂತ ಕಲ್ಕತ್ತೆಯ ಬಿಳಿಯರು ಅವನನ್ನು ಆಡಿಕೊಂಡರು. ಈಶಾನ್ಯದಲ್ಲಿ ಖಾಸಿ ಜನರ ನಡುವೆ ಹಾಜೊಂ ಕಿಸ್ಸೋರ್ ಸಿಂಗ್ ಅವರು 1887ರಲ್ಲಿ ಜೋವಾಯಿಯಲ್ಲಿ ಶುರುಮಾಡಿದ ಯುನಿಟೇರಿಯನ್ ಸಭೆ ಈಗಲೂ ನಡೆಯುತ್ತಿದೆ. ಹೊರಗಿನ ಮಿಷನರಿ ಬಂದು ಹುಟ್ಟುಹಾಕಿದ್ದಲ್ಲ ಅದು, ಬೈಬಲ್ ಓದಿ ಅವರೇ ಕಂಡುಕೊಂಡದ್ದು.

ಒಂದು ಎಚ್ಚರಿಕೆ. ಅಮೆರಿಕದಲ್ಲಿ 1961ರಲ್ಲಿ ಯುನಿಟೇರಿಯನ್ನರೂ, ಕೊನೆಗೆ ಎಲ್ಲರಿಗೂ ಮೋಕ್ಷ ಉಂಟು ಅನ್ನುವ ಯೂನಿವರ್ಸಲಿಸ್ಟರೂ ಸೇರಿ ಒಂದಾದರು. ಆ ಸಂಸ್ಥೆಯ ಸದಸ್ಯರಲ್ಲಿ ಹಲವರು ಇವತ್ತು ತಮ್ಮನ್ನು ಕ್ರೈಸ್ತರು ಅಂತಲೂ ಕರೆದುಕೊಳ್ಳುವುದಿಲ್ಲ. ಬೈಬಲನ್ನೇ ಪ್ರಮಾಣ ಅಂತ ಹಿಡಿದ ಯುನಿಟೇರಿಯನ್ ಕ್ರೈಸ್ತರು ಬೇರೆ. ಹೆಸರೊಂದೇ ಅಂತ ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

*

ಯುವಕರೊಬ್ಬರು ಕೇಳಿದರು: ಸಾರ್, ರಸ್ತೆ ಬದಿಯಲ್ಲಿ ಪತ್ರಿಕೆ ಹಿಡಿದು ನಿಲ್ಲುತ್ತಾರಲ್ಲ ಯೆಹೋವನ ಸಾಕ್ಷಿಗಳು, ಅವರೂ ಇವರೇನಾ?

ತ್ರಿತ್ವ ಒಪ್ಪುವುದಿಲ್ಲ ಅನ್ನುವಷ್ಟರ ಮಟ್ಟಿಗೆ ಹೌದು. ಆದರೆ ಯೇಸು ಹುಟ್ಟುವ ಮೊದಲು ಪ್ರಧಾನ ದೂತ ಮೀಕಾಯೇಲನಾಗಿದ್ದ ಅಂತ ಅವರು ನಂಬುತ್ತಾರೆ. ಹಾಗಾಗಿ ಆರಿಯಸನ ಹತ್ತಿರ ಬರುತ್ತಾರೆ, ಡೇವಿಡನಿಂದ ದೂರ. ಅವರ ಸಂಘಟನೆಯ ರೀತಿಯೇ ಬೇರೆ. ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ರಾಷ್ಟ್ರಗೀತೆಯ ಬಗ್ಗೆ ಕೊಟ್ಟ ಹೆಸರಾಂತ ತೀರ್ಪು, ಅವರ ಪಂಗಡದ ಕೇರಳದ ಮಕ್ಕಳದ್ದು.

ಇನ್ನೊಬ್ಬರು: ನಮ್ಮ ಮುಸ್ಲಿಂ ಸ್ನೇಹಿತರು ಈಸಾರನ್ನು ಪ್ರವಾದಿ ಅನ್ನುತ್ತಾರೆ, ದೇವರಲ್ಲ ಅನ್ನುತ್ತಾರೆ. ಹಾಗಾದರೆ ವ್ಯತ್ಯಾಸ ಏನು ಬಂತು?

ಒಬ್ಬನೇ ದೇವರು ಅನ್ನುವಲ್ಲಿ ತುಂಬಾ ಹತ್ತಿರ. ಮರಿಯಮ್ಮ ಕನ್ಯೆಯಾಗಿ ಹೆತ್ತಳು ಅಂತ ಕುರಾನೂ ಹೇಳುತ್ತದೆ. ವಿಚಿತ್ರ ಅಂದರೆ ಪ್ರೀಸ್ಟ್ಲಿಯಂಥ ಯುನಿಟೇರಿಯನ್ನರು ಅದನ್ನೂ ಒಪ್ಪಲಿಲ್ಲ. ದೊಡ್ಡ ವ್ಯತ್ಯಾಸ ಶಿಲುಬೆಯಲ್ಲಿದೆ. ಕುರಾನಿನ 4ನೇ ಅಧ್ಯಾಯ ಈಸಾರನ್ನು ಅವರು ಕೊಲ್ಲಲಿಲ್ಲ, ಶಿಲುಬೆಗೇರಿಸಲಿಲ್ಲ ಅನ್ನುತ್ತದೆ. ಬೈಬಲ್ ಹಿಡಿದ ಯುನಿಟೇರಿಯನ್ನರಿಗೆ ಯೇಸು ಸತ್ತದ್ದು, ದೇವರು ಅವನನ್ನು ಎಬ್ಬಿಸಿದ್ದು ನಂಬಿಕೆಯ ನಡುಗಂಬ. ದೇವರಾಗಿದ್ದರೆ ಸಾಯುವುದು ಹೇಗೆ, ನಿಜವಾಗಿ ಸತ್ತ ಮನುಷ್ಯನನ್ನು ಎಬ್ಬಿಸಿದ್ದರಿಂದಲೇ ನಮಗೂ ಭರವಸೆ, ಅನ್ನುವುದು ಅವರ ಮಾತು.

ಹಿಂದಿನ ಸಾಲಿನಲ್ಲಿದ್ದ ಹಿರಿಯ ತಾಯಿಯೊಬ್ಬರು ಎದ್ದು ನಿಂತರು: ನಾನು ವರ್ಷಾ ವರ್ಷಾ ಹರಿಹರದ ಆರೋಗ್ಯ ಮಾತೆ ಜಾತ್ರೆಗೆ ಹೋಗ್ತೀನಿ, ದಿನಾ ಮಲಗುವಾಗ ಯೇಸುಸ್ವಾಮಿಗೇ ಪ್ರಾರ್ಥನೆ ಮಾಡ್ತೀನಿ. ಅದು ತಪ್ಪು ಅಂತೀರಾ?

ತಪ್ಪು ಅನ್ನೋಕೆ ನಾನ್ಯಾರು ತಾಯಿ? ನೀವು ಕೇಳಿದ ಪ್ರಶ್ನೆಗೆ ಯುನಿಟೇರಿಯನ್ನರಲ್ಲೇ ಒಮ್ಮತ ಇರಲಿಲ್ಲ. ಡೇವಿಡ್ ಕೂಡದು ಅಂದಾಗ, ಅವನನ್ನು ಒಪ್ಪಿಸೋಕೆ ಅಂತ ಇಟಲಿಯ ಫೌಸ್ಟೊ ಸೊಚಿನಿಯನ್ನು ಕರೆಸಿದರು. ಸೊಚಿನಿಯೂ ತ್ರಿತ್ವ ಒಪ್ಪದವನೇ. ಆದರೆ ದೇವರೇ ಯೇಸುವಿಗೆ ಅಧಿಕಾರ ಕೊಟ್ಟು ಮೇಲಕ್ಕೇರಿಸಿದ್ದಾನೆ, ಕಲ್ಲೇಟು ತಿಂದು ಸಾಯುವಾಗ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನ ‘ಕರ್ತನಾದ ಯೇಸುವೇ, ನನ್ನ ಆತ್ಮವನ್ನು ಸೇರಿಸಿಕೋ’ ಅಂತ ಬೇಡಿದ್ದಾನೆ, ಹಾಗಾಗಿ ಯೇಸುವಿಗೆ ಪ್ರಾರ್ಥಿಸಬಹುದು ಅಂದ. ಇಬ್ಬರೂ ಒಂದೇ ಮನೆಯಲ್ಲಿದ್ದು ತಿಂಗಳುಗಟ್ಟಲೆ ವಾದಿಸಿದರು, ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ. ಈ ಭಾನುವಾರ ಪೂಜೆಗೆ ಹೋದಾಗ ಗುರುಗಳು ಓದುವ ಪ್ರಾರ್ಥನೆಗಳನ್ನು ಸ್ವಲ್ಪ ಗಮನವಿಟ್ಟು ಕೇಳಿ. ಬಹುಪಾಲು ತಂದೆಯನ್ನು ಕರೆದು ಶುರುವಾಗುತ್ತವೆ, ಪ್ರಭು ಯೇಸುಕ್ರಿಸ್ತರ ಮೂಲಕ ಬೇಡುತ್ತವೆ. ಅದು ಬಹಳ ಹಳೆಯ ಕ್ರಮ, ಡೇವಿಡನಿಗೂ ತಕರಾರಿರುತ್ತಿರಲಿಲ್ಲ. ಅದೇ ಪ್ರಾರ್ಥನೆ ಮುಗಿಯುವಾಗ ಪವಿತ್ರಾತ್ಮನ ಐಕ್ಯದಲ್ಲಿ ಮಗನೂ ದೇವರಾಗಿ ಆಳುತ್ತಾನೆ ಅಂತ ಸೇರುತ್ತದೆ. ಅಲ್ಲಿ ಅವನು ಎದ್ದು ಹೊರಗೆ ಹೋಗುತ್ತಿದ್ದ.